ನಾಯಿ ಹಿಡಿಯಿರಿ

ಇಪ್ಪತ್ತೇಳು ವರ್ಷ ಟ್ರಾಲಿ ಬಸ್ಸಿನ ತಂತಿ ಬಿಗಿದ ಕೈ ಇದು.
ತಂತಿ ಇದ್ದರೆ ಬಸ್ಸು, ತುಂಡಾದರೆ ಬೈಗುಳ,
ಉಲಾನ್‌ಬಾತರ್ ನನಗೆ ಕಲಿಸಿದ್ದು ಅಷ್ಟೇ.
ಈಗ ಐವತ್ತೊಂಬತ್ತಕ್ಕೆ
ತಂತಿಯೇ ಇಲ್ಲದ ಕೆಲಸಕ್ಕೆ ಕೂತಿದ್ದೇನೆ,
ಗುಡ್ಡದ ಮೇಲಿನ ನನ್ನ ಉಣ್ಣೆ ಗುಡಾರದಲ್ಲಿ, ಹಿಟ್ಟು ಲಟ್ಟಿಸುವ ಹಲಗೆಯ ಮುಂದೆ.
ಹಲಗೆಯ ಮೇಲೆ ಬಿಸ್ಕತ್ತಿನಷ್ಟೂ ಇಲ್ಲದ ಹಸಿರು ಬೋರ್ಡು,
ನರಾನ್‌ತೂಲ್ ಸಂತೆಯಲ್ಲಿ ಬೂಟು ಮಾರುವವಳ ಪಕ್ಕ ಕೊಂಡದ್ದು.
ಚೌಕಾಸಿಗೆ ಜಗ್ಗಲಿಲ್ಲ ಪುಣ್ಯಾತ್ಮ.

ಗುರು, ಮೇಲಿನ ಮನೆಯ ನೊಮುಂದರಿ.
ಹದಿನಾಲ್ಕು ವರ್ಷ, ಮುಂದಿನ ಹಲ್ಲು ಮುರಿದಿದೆ,
ತಾಳ್ಮೆ ಎಳ್ಳಷ್ಟೂ ಇಲ್ಲ.
"ಮೊದಲು ದೀಪ ಮಿಟುಕಿಸು ಅಜ್ಜಿ, ಎಲ್ಲರೂ ಶುರು ಮಾಡೋದೇ ಹಾಗೆ."
ಒಂದು ಸೆಕೆಂಡು ಹತ್ತಿತು, ಒಂದು ಸೆಕೆಂಡು ಆರಿತು,
ಸಾಸಿವೆಯಷ್ಟು ದೀಪ.
ಊರಿಗೆಲ್ಲ ಬಸ್ಸು ಓಡಿಸಿದವಳು
ಅದಕ್ಕೆ ಚಪ್ಪಾಳೆ ತಟ್ಟಿದೆ.
ಆಮೇಲೆ ನಾಚಿಕೆಯಾಯಿತು.

ಎರಡನೇ ದಿನ ಸೆನ್ಸರು ಮಾತೇ ಆಡಲಿಲ್ಲ.
ಮೂರನೇ ದಿನವೂ.
ನೊಮುಂದರಿ ಬಗ್ಗಿ ನೋಡಿ ಮುರಿದ ಹಲ್ಲಲ್ಲಿ ನಕ್ಕಳು:
"ಬಾಯಿಗೆ ಬಾಯಿ ಕಟ್ಟಿದ್ದೀಯ.
ಇದರ ಬಾಯಿ ಅದರ ಕಿವಿಗೆ ಹೋಗಬೇಕು,
ಅದರ ಬಾಯಿ ಇದರ ಕಿವಿಗೆ."
ಎರಡು ಎಳೆ ಅದಲು ಬದಲು, ಅಷ್ಟೇ.
ಹೋಗಿ ಹನ್ನೊಂದು ವರ್ಷವಾದ ಗಂಡ ನೆನಪಾದ;
ನಮ್ಮಿಬ್ಬರ ವಯರಿಂಗೂ ಹೀಗೇ ಇತ್ತು.

ಇಟ್ಟಿಗೆ ಮನೆಯವರಿಗೆ ಕಷ್ಟವಂತೆ, ಗೋಡೆಗೆ ಅಲೆ ಸೊರಗುತ್ತದಂತೆ.
ಉಣ್ಣೆ ಚಳಿಯನ್ನು ತಡೆಯುತ್ತದೆ, ಮಾತನ್ನು ತಡೆಯುವುದಿಲ್ಲ.
ಒಲೆಯ ಹಿಂದೆ ಮಾತ್ರ ಇಡಬಾರದು, ಕಬ್ಬಿಣಕ್ಕೆ ಕರುಣೆಯಿಲ್ಲ.
ಹೊರಗೆ ಮೈನಸ್ ಮೂವತ್ತರಲ್ಲಿಟ್ಟ ಬ್ಯಾಟರಿ
ಬೆಳಗಾಗುವುದರೊಳಗೆ ಸತ್ತಿತ್ತು.
ಒಳಗೆ ತಂದು ನಿದ್ದೆ ಕಲಿಸಿದೆವು:
ನಿಮಿಷಕ್ಕೊಮ್ಮೆ ಏಳು, ಗಾಳಿ ಮೂಸು,
ಒಂದು ಅಂಕೆ ಹೇಳು, ಮತ್ತೆ ಮಲಗು.

ಬಲೆಗೆ ಹೊಸಬರನ್ನು ಸೇರಿಸಲು
ಬಾಗಿಲು ಅರವತ್ತು ಸೆಕೆಂಡು ತೆರೆದಿರುತ್ತದೆ.
ಅಷ್ಟರಲ್ಲಿ ಕೂಗಬೇಕು: ನಾನು ಬಂದೆ, ಇದು ನನ್ನ ಹೆಸರು, ಇದು ಕೀಲಿ.
ನಮ್ಮಲ್ಲೂ ಯಾರೂ ಬಾಗಿಲು ಬಡಿಯುವುದಿಲ್ಲ;
ದೂರದಿಂದಲೇ "ನೊಹೊಯ್ ಹೋರ್!" ಅನ್ನುತ್ತಾರೆ,
ನಾಯಿ ಹಿಡಿಯಿರಿ!
ನಾಯಿ ಇರಲಿ, ಇಲ್ಲದಿರಲಿ.
ಆ ಮಾತನ್ನೇ ಪ್ರೋಗ್ರಾಮಿಗೆ ಹಾಕಿಸಿದೆ.
ಯಾವ ಡಬ್ಬಿ ಸೇರಿದರೂ ಪರದೆಯ ಮೇಲೆ ಅದೇ ಸಾಲು.
ಇದೆಲ್ಲ ತಮಾಷೆ ಕೆಲಸವಲ್ಲ ಎಂದು ಗುರುವಿನ ಗೊಣಗು.

ತಮಾಷೆಯಲ್ಲ.
ಹೋದ ಫೆಬ್ರವರಿಯಲ್ಲಿ ಗೊಂಬೋಸುರೆನ್ ಮನೆಯ ಒಲೆ
ಮಧ್ಯಾಹ್ನದವರೆಗೂ ಉರಿಯುತ್ತಿತ್ತು.
ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.
ನಾಯಿ ಬೊಗಳುತ್ತಲೇ ಇತ್ತು,
ಯಾರೂ ಎದ್ದು ಬಂದು ಹಿಡಿಯಲಿಲ್ಲ.

ಈಗ ಐದು ಮನೆಯಲ್ಲಿ ಐದು ಮೊಸರಿನ ಡಬ್ಬಿ,
ಕಾಯಿಸಿದ ಮೊಳೆಯಿಂದ ತೂತು ಮಾಡಿದ್ದು.
ಪ್ಲಗ್ಗಿನಲ್ಲಿ ಕೂತವು ಮಲಗುವುದಿಲ್ಲ,
ಮಲಗುವವುಗಳ ಮಾತನ್ನು ಹೊತ್ತು ದಾಟಿಸುತ್ತವೆ.
ಕೆಳಗಿನ ದಾಶ್ಞಾಮ್ ಬೇಲಿಯ ಜಗಳವಾದ ಮೇಲೆ
ಮೂರು ವರ್ಷದಿಂದ ನನ್ನ ಜೊತೆ ಮಾತಿಲ್ಲ.
ಡಬ್ಬಿಯನ್ನು ನೊಮುಂದರಿಯ ಕೈಯಿಂದ ತೆಗೆದುಕೊಂಡ.
ನನ್ನ ಮನೆಯ ಅಂಕೆ ಅವನ ಮನೆಯ ಮೇಲೆ ಹೋಗುತ್ತದೆಂದು
ನಾವು ಹೇಳಲಿಲ್ಲ.

ನಿನ್ನೆ ರಾತ್ರಿ ಮೂರೂ ಹತ್ತಕ್ಕೆ ಗಂಟೆ ಹೊಡೆಯಿತು.
ನಾಲ್ಕನೇ ಡಬ್ಬಿ. ಅವನದು.
ಅಂಕೆ ಏರುತ್ತಿತ್ತು.
ಕೋಟು ಒಂದೇ ತೋಳಿಗೆ, ಹಿಮದಲ್ಲಿ ಜಾರಿ, ಎದ್ದು,
ಅಭ್ಯಾಸ ಎಲ್ಲಿ ಬಿಡುತ್ತದೆ,
ಬೇಲಿಯಾಚೆಯಿಂದಲೇ ಕೂಗಿದೆ: ನಾಯಿ ಹಿಡಿಯಿರಿ!

ಮೊದಲು ಏನೂ ಇಲ್ಲ.
ಆಮೇಲೆ ಕೆಮ್ಮು.
ಆಮೇಲೆ ಬಾಗಿಲು.
ಬರಿಗಾಲಲ್ಲಿ, ತೂರಾಡುತ್ತ ಹೊರಗೆ ಬಂದವನು
ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು
ಇನ್ನೊಂದರಲ್ಲಿ
ನಾಯಿಯ ಕೊರಳಪಟ್ಟಿ ಹಿಡಿದುಕೊಂಡಿದ್ದ.